ಟೈಪಿಸ್ಟ್ ಕಲಿಸಿದ ಕಾನೂನು

"ಯಾರ ಮೇಲೆ ಕೇಸು?" ರಾಧಾಕೃಷ್ಣ ತಲೆ ಎತ್ತದೆ ಕೇಳಿದ. ಟೈಪ್‌ರೈಟರಿಗೆ ಆಗಲೇ ಕಾಗದ ಏರಿಸಿದ್ದ.

"ಕೇಸಲ್ಲ," ಎಂದಳು ಎದುರು ನಿಂತವಳು.

"ಗಂಡನ ಮೇಲಾ? ಸಂಕೋಚ ಮಾಡ್ಬೇಡಿ. ಇಲ್ಲಿ ದಿನಾ ಬರ್ತಾರೆ."

"ನನಗೆ ಮದುವೆಯೇ ಆಗ್ಲಿಲ್ಲ ಮಾರಾಯ್ರೆ! ಲಾ ಕಾಲೇಜಿಗೆ ಅರ್ಜಿ ಹಾಕ್ಲಿಕ್ಕುಂಟು. ನಾನು ವಕೀಲೆ ಆಗುದು."

ಆಗ ಅವನು ತಲೆ ಎತ್ತಿದ. ಕಿವಿ ಕೆಂಪಾಯಿತು. ಪುತ್ತೂರು ಕೋರ್ಟಿನ ಎದುರಿನ ಆ ಜಗಲಿಯಲ್ಲಿ ಅವನಷ್ಟು ವೇಗವಾಗಿ ಟೈಪ್ ಮಾಡುವವರು ಬೇರೆ ಇರಲಿಲ್ಲ. ಅಂದು ಮಾತ್ರ ಒಂದು ಅರ್ಜಿಗೆ ಮೂರು ಕಾಗದ ಹಾಳಾಯಿತು. ಎದುರು ನಿಂತಿದ್ದ ಶೀಲಾವತಿ ತುಟಿ ಕಚ್ಚಿ ನಗು ತಡೆದಳು. ಅದು ೧೯೬೧ರ ಜೂನ್.

ಉಡುಪಿಯಲ್ಲಿ ಎರಡು ವರ್ಷ ಓದಿದಳು. ಅರುವತ್ತು ಹುಡುಗರ ನಡುವೆ ಅವಳೊಬ್ಬಳೇ ಹುಡುಗಿ. ಪ್ರಶ್ನೆ ಕೇಳಲು ಎದ್ದರೆ ಹಿಂದಿನ ಬೆಂಚು ಕೆಮ್ಮುತ್ತಿತ್ತು. ಒಂದೊಂದು ಪುಸ್ತಕಕ್ಕೂ ವಾರಗಟ್ಟಲೆ ಕಾಯಬೇಕಿತ್ತು. ಎಲ್ಲ ದಾಟಿ ಬಂದವಳು ಕೊನೆಗೆ ಒಂದೇ ಪೇಪರಿನಲ್ಲಿ ಏಳು ಅಂಕದಿಂದ ಬಿದ್ದಳು.

ಜಾಲ್ಸೂರಿನ ಮನೆಯಲ್ಲಿ ಅಪ್ಪ ದೇರಣ್ಣ ಬೈಯಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ಅಕ್ಟೋಬರಿನಲ್ಲಿ ಇನ್ನೊಮ್ಮೆ ಕಟ್ಟು ಮಗಳೇ. ಅದೂ ಹೋದ್ರೆ ಕಡಬದವರಿಗೆ ನಾನು ಹೂಂ ಅಂತೇನೆ."

ಕಡಬದ ಹುಡುಗನ ಕಡೆಯವರು ಮದುವೆಯ ಮಾತಿಗೆ ಆಗಲೇ ಎರಡು ಸಲ ಬಂದು ಹೋಗಿದ್ದರು.

ಮರುದಿನವೇ ಅವಳು ಪುತ್ತೂರಿನ ಜಗಲಿಗೆ ಬಂದಳು, ಮರುಪರೀಕ್ಷೆಯ ಅರ್ಜಿ ಟೈಪ್ ಮಾಡಿಸಲು.

"ಯಾವ ಪೇಪರು?"

"ಸಿವಿಲ್ ಪ್ರೊಸೀಜರ್."

ರಾಧಾಕೃಷ್ಣ ನಕ್ಕುಬಿಟ್ಟ. ಅವಳ ಕಣ್ಣು ತುಂಬಿತು. "ಬಿದ್ದವರನ್ನು ನೋಡಿ ನಗುದಾ?"

"ಅಯ್ಯೋ, ಅದಕ್ಕಲ್ಲ," ಅವನು ಗಾಬರಿಯಾದ. "ನಾನು ದಿನಾ ಟೈಪ್ ಮಾಡುದು ಅದನ್ನೇ. ಪುಸ್ತಕದಲ್ಲಿ ಎಂತ ಉಂಟೂಂತ ಗೊತ್ತಿಲ್ಲ. ಇಲ್ಲಿ ಎಂತ ಆಗ್ತದೆ ಅಂತ ಗೊತ್ತುಂಟು. ಶನಿವಾರ ಮಧ್ಯಾಹ್ನದ ಮೇಲೆ ಬನ್ನಿ."

ಹೈಸ್ಕೂಲಿಗೇ ಓದು ನಿಲ್ಲಿಸಿದವನು ಅವಳಿಗೆ ಪಾಠ ಹೇಳಿದ. ದಾವೆ ಎಲ್ಲಿ ಹುಟ್ಟುತ್ತದೆ, ಸಮನ್ಸ್ ಹಿಡಿದು ಕೋರ್ಟಿನ ಅಮೀನ ಹೋದಾಗ ಮನೆಯವರು ಹಿತ್ತಿಲಲ್ಲಿ ಹೇಗೆ ಅಡಗುತ್ತಾರೆ, ಅವನು ಹೇಗೆ ಬಾಗಿಲಿಗೆ ಅಂಟಿಸಿ ಬರುತ್ತಾನೆ, ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳಿದ. ಪುಸ್ತಕದಲ್ಲಿ ಕಲ್ಲಾಗಿದ್ದ ಸೆಕ್ಷನ್ನುಗಳು ಆ ಜಗಲಿಯಲ್ಲಿ ಎದ್ದು ಓಡಾಡಿದವು.

ಅವಳು ಸರಿಯುತ್ತರ ಹೇಳಿದರೆ ಅವನು ಕೀಲಿಗಳನ್ನೇ ನೋಡುತ್ತಾ ಮುಗುಳ್ನಗುತ್ತಿದ್ದ. ತಪ್ಪು ಹೇಳಿದರೆ ಮಾತ್ರ ತಲೆ ಎತ್ತಿ ನೇರ ಅವಳ ಕಣ್ಣು ನೋಡುತ್ತಿದ್ದ. ಆಗಸ್ಟ್ ಹೊತ್ತಿಗೆ ಶೀಲಾವತಿ ಬೇಕೆಂದೇ ತಪ್ಪು ಹೇಳತೊಡಗಿದಳು.

"ಇದು ನಿಮಗೆ ಗೊತ್ತುಂಟು," ಎಂದ ಅವನು ಒಮ್ಮೆ.

"ಗೊತ್ತುಂಟು."

"ಮತ್ತೆ?"

"ಮತ್ತೆಂತ ಇಲ್ಲ," ಎಂದು ಅವಳು ಪುಸ್ತಕದಲ್ಲಿ ಮುಖ ಮರೆಸಿದಳು.

ಡಿಸೆಂಬರಿನ ಒಂದು ಮಧ್ಯಾಹ್ನ, ಪುತ್ತೂರಿನಿಂದ ಬಂದ ಬಸ್ಸು ನಿಲ್ದಾಣವಲ್ಲದ ಕಡೆ, ದೇರಣ್ಣನ ಮನೆಯೆದುರೇ ಗಕ್ಕನೆ ನಿಂತಿತು. ಡ್ರೈವರ್ ಅಬ್ಬಾಸ್ ಹಾರ್ನ್ ಒತ್ತಿದ್ದೇ ಒತ್ತಿದ್ದು.

"ಶೀಲಕ್ಕಾ! ಪಾಸ್! ನೀವು ಪಾಸ್!"

ಬರಿಗಾಲಲ್ಲೇ ಅಂಗಳದಿಂದ ಓಡಿಬಂದಳು. ಅಬ್ಬಾಸ್ ಕಿಟಕಿಯಿಂದ ಟೈಪ್ ಮಾಡಿದ ಒಂದು ಕಾಗದ ಚಾಚಿದ. ಅದರಲ್ಲಿ ಅವಳ ನಂಬರು, ಕೆಳಗೆ 'ಪಾಸ್' ಎಂಬ ಒಂದೇ ಪದ, ಸಾಲು ಸಾಲಾಗಿ, ಪುಟ ಮುಗಿಯುವವರೆಗೆ. ಬಸ್ಸಿನೊಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಕಾಗದ ಕಳಿಸಿದವನ ಹೆಸರು ಎಲ್ಲೂ ಇರಲಿಲ್ಲ. ಅವಳು ಅದನ್ನು ಎದೆಗೊತ್ತಿಕೊಂಡಳು.

ಪಾಸಾದರೂ ಮುಗಿಯಲಿಲ್ಲ. ವಕೀಲಿಕೆಯ ಸನ್ನದು ಸಿಗಬೇಕಾದರೆ ಒಂದು ವರ್ಷ ಹಿರಿಯ ವಕೀಲರ ಕೈಕೆಳಗೆ ಕಲಿಯಬೇಕು. ಮೂವರು ಬೇಡವೆಂದರು. ನಾಲ್ಕನೆಯವರು ಪದ್ಮಯ್ಯ. ಅವರೂ ಒಪ್ಪದೆ ಕನ್ನಡಕ ತೆಗೆದಿಟ್ಟರು. "ಹೆಣ್ಣುಮಗಳು ಕೂತಿದ್ರೆ ಕಕ್ಷಿದಾರರು ಬರುದಿಲ್ಲಮ್ಮ."

ಬಾಗಿಲ ಬದಿಯಲ್ಲಿ ಕಬಕದ ಆಸ್ಯಮ್ಮ ಕೂತಿದ್ದಳು. ಬಾವಿಯ ದಾರಿಗೆ ಪಕ್ಕದವನು ಬೇಲಿ ಹಾಕಿದ್ದ. ಎಷ್ಟು ವರ್ಷದಿಂದ ಆ ದಾರಿಯಲ್ಲಿ ನಡೆದದ್ದು ಎಂದು ಪದ್ಮಯ್ಯ ಕೇಳಿ ಕೇಳಿ ಸೋತಿದ್ದರು. ಅವಳು ತಲೆವಸ್ತ್ರ ಎಳೆದುಕೊಂಡು "ತುಂಬಾ ವರ್ಷ" ಎನ್ನುವುದು ಬಿಟ್ಟು ಬೇರೇನೂ ಹೇಳಲೊಲ್ಲಳು.

"ಹತ್ತು ನಿಮಿಷ ಕೊಡಿ ಸಾರ್," ಎಂದಳು ಶೀಲಾವತಿ. ಆಸ್ಯಮ್ಮನ ಕೈ ಹಿಡಿದು ಹಿತ್ತಿಲ ಕಡೆ ಕರೆದೊಯ್ದಳು. ಹಿಂದಿರುಗಿದಾಗ ಶೀಲಾವತಿಯ ಮುಖ ಹೊಳೆಯುತ್ತಿತ್ತು.

"ಮದುವೆಯಾಗಿ ಬಂದ ವರ್ಷದಿಂದ ಸಾರ್. ಚೊಚ್ಚಲ ಬಾಣಂತನಕ್ಕೆ ನಲುವತ್ತು ದಿನವೂ ಆ ದಾರಿಯಲ್ಲೇ ಬಾವಿನೀರು ಹೊತ್ತು ಬಿಸಿನೀರ ಸ್ನಾನ. ಆಗ ಹುಟ್ಟಿದ ಮಗಳಿಗೆ ಈಗ ಇಪ್ಪತ್ತೆರಡು. ನೀರು ಹೊತ್ತ ಸೂಲಗಿತ್ತಿ ಇನ್ನೂ ಇದ್ದಾಳೆ, ಸಾಕ್ಷಿ ಹೇಳ್ತಾಳೆ."

ಕಾನೂನಿನಲ್ಲಿ ದಾರಿಯ ಹಕ್ಕಿಗೆ ಇಪ್ಪತ್ತು ವರ್ಷದ ಬಳಕೆ ಸಾಕು. ಪದ್ಮಯ್ಯ ಕನ್ನಡಕ ಮತ್ತೆ ಏರಿಸಿದರು. "ಬಾಣಂತನದ ಮಾತು ನನ್ನ ಹತ್ರ ಹೇಗೆ ಹೇಳುದು ಅವಳು!" ಎಂದು ತಮ್ಮಷ್ಟಕ್ಕೇ ನಕ್ಕರು. "ನಾಳೆಯಿಂದ ಬಾಮ್ಮ."

೧೯೬೫ರಲ್ಲಿ ಬೆಂಗಳೂರಿಗೆ ಹೋಗಿ ಸನ್ನದು ಪಡೆದು ಬಂದಳು. ಕಪ್ಪು ಕೋಟು ತೊಟ್ಟು ಓಡೋಡಿ ಜಗಲಿಗೆ ಬಂದರೆ ರಾಧಾಕೃಷ್ಣ ಎದ್ದು ನಿಂತ.

"ಬನ್ನಿ, ಮೇಡಂ."

ಆ ಮಾತು ಅವಳನ್ನು ಚುಚ್ಚಿತು. ಒಂದು ವಾರ ಸಹಿಸಿದಳು. ಎಂಟನೆಯ ದಿನ ಅವನೆದುರು ಸ್ಟೂಲ್ ಎಳೆದು ಕೂತಳು.

"ಮೇಡಂ ಅಂದ್ರೆ ಎಂತ ಅರ್ಥ?"

"ನೀವೀಗ ವಕೀಲರು. ನಾನು ಜಗಲಿಯವ. ಜನ ನೋಡ್ತಾರೆ."

"ನೋಡ್ಲಿ. ನಾಲ್ಕು ವರ್ಷದಿಂದ ನೀವು ನೋಡುದು ಸಾಕಾಗ್ಲಿಲ್ವಾ? ಬಾಯಿ ಬಿಟ್ಟು ನೀವು ಹೇಳ್ತೀರಾ, ನಾನೇ ಹೇಳ್ಬೇಕಾ?"

"ಎಂತದು?"

"ನನ್ನನ್ನು ಮದುವೆ ಆಗ್ತೀರಾ?"

ಅವನ ಬೆರಳು ಒಮ್ಮೆಲೇ ಎಲ್ಲೆಲ್ಲೋ ಬಿದ್ದು, ಟೈಪ್‌ರೈಟರಿನ ನಾಲ್ಕು ಅಕ್ಷರಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡವು. ಬಿಡಿಸಲು ಹೋದ. ಬಿಡಿಸಲಾಗಲಿಲ್ಲ.

"ಅರ್ಜಿ ಹಾಕ್ಲಿಕ್ಕೆ ಬಂದಿರಲ್ಲ, ಆ ದಿನವೇ ನಾನು ಹೂಂ ಅಂದಾಗಿತ್ತು," ಎಂದ ಮೆಲ್ಲನೆ. "ನಿಮಗೆ ಕೇಳ್ಲಿಲ್ಲ, ಅಷ್ಟೆ."

ಮುಂದಿನ ಆದಿತ್ಯವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜಾಲ್ಸೂರಿಗೆ ಬಂದ. ದೇರಣ್ಣ ಅವನನ್ನು ಚಾವಡಿಯ ಬೆಂಚಿನ ಮೇಲೆ ಕೂರಿಸಿ ಅಡಿಯಿಂದ ಮುಡಿಯವರೆಗೆ ನೋಡಿದರು. ಬಾಗಿಲ ಹಿಂದೆ ಶೀಲಾವತಿ ಕಾಫಿಯ ಲೋಟ ಹಿಡಿದು ಕಿವಿಗೊಟ್ಟು ನಿಂತಿದ್ದಳು.

"ಎಂತ ಕಲ್ತದ್ದು ನೀನು?"

"ಎಸ್ಸೆಲ್ಸಿ."

"ಅವಳು ವಕೀಲೆ."

"ಹೌದು. ನನಗದು ಹೆಮ್ಮೆ."

ದೇರಣ್ಣ ಎಲೆಗೆ ಸುಣ್ಣ ಹಚ್ಚಿದರು. "ಅವಳ ಹತ್ರ ಕೇಳಿದ್ದೀಯಾ?"

"ನಾನು ಕೇಳ್ಲಿಲ್ಲ," ರಾಧಾಕೃಷ್ಣ ತಲೆ ತಗ್ಗಿಸಿದ. "ಅವರೇ ಕೇಳಿದ್ದು."

ದೇರಣ್ಣ ಬಾಯ್ತುಂಬ ನಕ್ಕರು. "ಹಾಗಾದ್ರೆ ನನ್ನನ್ನು ಎಂತಕ್ಕೆ ಕೇಳುದು ಮಾರಾಯ? ಅವಳ ಹತ್ರ ವಾದ ಮಾಡಿ ಗೆದ್ದವರುಂಟಾ ಈ ಮನೆಯಲ್ಲಿ?"

ಲೋಟದ ಕಾಫಿ ಅರ್ಧ ಚೆಲ್ಲಿಹೋಯಿತು. ಉಳಿದರ್ಧ ಹಿಡಿದುಕೊಂಡೇ ಶೀಲಾವತಿ ಹೊರಗೆ ಬಂದಳು, ಅಪ್ಪನ ಎದುರೇ ಅವನ ಪಕ್ಕ ಬೆಂಚಿನ ಮೇಲೆ ಕೂತಳು.