ಅಣಬೆಯ ಸಾಲು ತಿದ್ದಿದ ಕೈ

ಭಾನುವಾರ ಬೆಳಿಗ್ಗೆ ಕಲ್ಯಾಣಮ್ಮನವರ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ವಚನಾ ಅಳಲು ಶುರುಮಾಡಿದ್ದಳು.

"ಆಂಟಿ, ನಾನು ಬೇಕಂತಲೇ ವಿಷದ ಅಣಬೆ ತಿನ್ನಿಸಿದೀನಂತೆ! ಸುಧೀಂದ್ರ ಸರ್ ಸಂಜೆ ನಾಲ್ಕಕ್ಕೆ ಎಲ್ಲರ ಮುಂದೆ ನನ್ನ ಹೆಸರು ಹೇಳ್ತಾರಂತೆ. ಕಾಲೇಜಿಗೂ ಪತ್ರ ಬರೀತಾರಂತೆ."

"ಮೊದಲು ಕೂತ್ಕೋ. ಸೀತಾ, ಅವಳಿಗೆ ನೀರು ಕೊಡಮ್ಮ," ಎಂದರು ಕಲ್ಯಾಣಮ್ಮ ನನ್ನತ್ತ ತಿರುಗಿ, ದಂಟಿನ ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ.

ಅವರು ಮೂವತ್ತು ವರ್ಷ ಅಂಚೆ ಇಲಾಖೆಯಲ್ಲಿ, ವಿಳಾಸ ಅರ್ಥವಾಗದೆ ಉಳಿದ ಕಾಗದಗಳನ್ನು ಓದುವ ಕೆಲಸ ಮಾಡಿದವರು. ತಪ್ಪು ಬರಹದ ಹಿಂದೆ ಬರೆದವರ ಮನಸ್ಸಿನಲ್ಲಿ ಏನಿತ್ತು ಎಂದು ಹಿಡಿಯುವುದು ಅವರಿಗೆ ಸಲೀಸು. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಯಾರಿಗೆ ಯಾರ ಮೇಲೆ ಅನುಮಾನ ಬಂದರೂ ಪೊಲೀಸರಿಗಿಂತ ಮೊದಲು ಅವರ ಹತ್ತಿರ ಬರುತ್ತಿದ್ದರು. ಅವರ ಮಹಡಿಯ ಮನೆಯಲ್ಲಿ ಬಾಡಿಗೆಗಿದ್ದ ನಾನು ಇಂಥ ಎಷ್ಟೋ ಬೆಳಗುಗಳನ್ನು ಕಂಡಿದ್ದೆ. ಆದರೆ ಆ ದಿನ ನನಗೂ ಒಳಗೊಳಗೇ ಹೆದರಿಕೆ. ಯಾಕೆಂದರೆ ವಚನಾಳೂ ನಾನೂ ಒಂದೇ ಬಳಗದವರು.

ಅಂತರ್ಜಾಲದ ಒಂದು ವಿಶ್ವಕೋಶದಲ್ಲಿರುವ ಕನ್ನಡ ಲೇಖನಗಳನ್ನು, ಏಳನೇ ಕ್ಲಾಸು ಓದಿದವರಿಗೂ ತಿಳಿಯುವ ಹಾಗೆ ತಿದ್ದಿ ಬರೆಯುವುದು ನಮ್ಮ ಬಳಗದ ಕೆಲಸ. ನಿವೃತ್ತ ಅಧ್ಯಾಪಕರಾದ ಸುಧೀಂದ್ರ ಅವರು ಕಠಿಣ ಪದಗಳ ಪಟ್ಟಿ ಮಾಡಿ, ಕಂಪ್ಯೂಟರಿನಲ್ಲಿ ಅವುಗಳ ಜಾಗಕ್ಕೆ ಸುಲಭದ ಪದ ಹಾಕುತ್ತಿದ್ದರು. ಆಮೇಲೆ ನಾನೂ ಬಳಗದ ಇನ್ನಿಬ್ಬರೂ ಮುದ್ರಿಸಿದ ಹಾಳೆಗಳನ್ನು ಹಂಚಿಕೊಂಡು ಕರಡು ತಿದ್ದುತ್ತಿದ್ದೆವು. ಉಳಿದಿಬ್ಬರದು ಕೆಂಪು ಶಾಯಿ. ಕೆಂಪು ಬೈದ ಹಾಗೆ ಕಾಣುತ್ತದೆಂದು ನಾನು ಹಸಿರು ಇಟ್ಟುಕೊಂಡಿದ್ದೆ. ಕೊನೆಗೆ ವಚನಾ ಅದನ್ನೆಲ್ಲ ಟೈಪ್ ಮಾಡಿ ತನ್ನ ಖಾತೆಯಿಂದ ಹಾಕುತ್ತಿದ್ದಳು. ಹೀಗಾಗಿ ಜಾಲತಾಣದಲ್ಲಿ ಅವಳೊಬ್ಬಳ ಹೆಸರೇ ಕಾಣುತ್ತಿತ್ತು.

ಕೆಂಗೇರಿಯ ಸಿದ್ದಬಸಪ್ಪ ಎಂಬವರ ಹೆಂಡತಿ ಖಾಲಿ ಸೈಟಿನಲ್ಲಿ ಎದ್ದಿದ್ದ ಬಿಳಿ ಅಣಬೆ ಕಿತ್ತು ತಂದು, ನಮ್ಮ ಲೇಖನ ನೋಡಿಕೊಂಡು ಪಲ್ಯ ಮಾಡಿದ್ದರು. ಮೂರು ದಿನ ಆಸ್ಪತ್ರೆಯಲ್ಲಿದ್ದು ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದರು. ಲೇಖನದಲ್ಲಿ 'ಈ ತಿನ್ನಬಹುದಾದ ಅಣಬೆ' ಎಂದಿತ್ತು.

"ನೀನೇ ಬರೆದೆಯಾ?" ಕೇಳಿದರು ಕಲ್ಯಾಣಮ್ಮ.

"ಹಾಳೇಲಿ ಇದ್ದದ್ದನ್ನ ಟೈಪ್ ಮಾಡಿದೆ ಅಷ್ಟೇ. ಹೋದ ತಿಂಗಳು ಸರ್ ನನ್ನ ಕಾಗುಣಿತಕ್ಕೆ ಎಲ್ಲರೆದುರು ಬೈದಿದ್ರು. ಆ ಸೇಡಿಗೆ ಹೀಗೆ ಮಾಡಿದೀನಿ ಅಂತಾರೆ."

"ಆ ಹಾಳೆ ಎಲ್ಲಿದೆ?"

"ಹಿಂದುಗಡೆ ಖಾಲಿ ಇರುತ್ತಲ್ಲ, ಬಳಗದ ಕೋಣೆ ಕೆಳಗಿನ ಜೆರಾಕ್ಸ್ ಅಂಗಡಿಗೆ ಕೊಟ್ಬಿಡ್ತೀವಿ."

ಕಲ್ಯಾಣಮ್ಮ ಸುಧೀಂದ್ರ ಅವರಿಗೆ ಫೋನ್ ಮಾಡಿದರು. "ಹಳೇ ಲೇಖನದಲ್ಲಿ ಏನಿತ್ತು, ಸಾರ್?"

"'ಅಖಾದ್ಯ ಅಣಬೆ' ಅಂತ ಸ್ಪಷ್ಟವಾಗಿತ್ತು ಕಣ್ರೀ. ಉಲ್ಟಾ ಮಾಡಿದಾಳೆ!"

ಆಮೇಲೆ ಕಲ್ಯಾಣಮ್ಮ ನನ್ನ ಮೊಬೈಲಿನಲ್ಲಿ, ಸುಧೀಂದ್ರ ಬದಲಿಸಿ ಇನ್ನೂ ಕರಡು ತಿದ್ದದ ಲೇಖನಗಳನ್ನು ಓದುತ್ತಾ ಕೂತರು. ಒಂದು ಕಡೆ ಜೋರಾಗಿ ನಕ್ಕರು. "ಕೇಳು ಸೀತಾ: 'ಹಬ್ಬದ ದಿನ ಬಗೆಬಗೆಯ ತಿನ್ನಬಹುದಾದಗಳನ್ನು ಮಾಡುತ್ತಾರೆ.' ನೀನು ಎಷ್ಟು ಮಾಡ್ತೀಯ ತಿನ್ನಬಹುದಾದಗಳನ್ನ?" ನನಗೆ ನಗು ಬರಲಿಲ್ಲ. ಅಣಬೆಯ ಹಾಳೆ ನನ್ನ ಕೈಗೆ ಬಂದಿತ್ತೇ ಎಂದು ನೆನಪಿಸಿಕೊಳ್ಳುತ್ತಿದ್ದೆ. ವಾರಕ್ಕೆ ಮೂವತ್ತು ಹಾಳೆ, ನೆನಪಾಗಲಿಲ್ಲ.

ನಾಲ್ಕು ಗಂಟೆಗೆ ಮಾರೇನಹಳ್ಳಿಯ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರಿದೆವು. ಸಿದ್ದಬಸಪ್ಪ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಯಾರು ಬರೆದದ್ದು ಅಂತ ಹೇಳಿ. ನಾನು ಸ್ಟೇಷನ್ನಿಗೆ ಹೋಗ್ತೀನಿ."

ಸುಧೀಂದ್ರ ವಚನಾಳತ್ತ ಕೈ ತೋರಿಸುವಷ್ಟರಲ್ಲಿ ಕಲ್ಯಾಣಮ್ಮ ಕೆಳಗಿನ ಅಂಗಡಿಯಿಂದ ಮೇಲೆ ಬಂದರು. ಕೈಯಲ್ಲಿ ಒಂದೇ ಒಂದು ಹಾಳೆ. ಅದನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಸುಧೀಂದ್ರ ಸಾರ್, ನಿಮ್ಮ ಪಟ್ಟೀಲಿ 'ಖಾದ್ಯ' ಇದೆಯಾ?"

"ಇದೆ. ಅದಕ್ಕೆ 'ತಿನ್ನಬಹುದಾದ' ಅಂತ ಹಾಕಿದೀನಿ. ತಪ್ಪೇನು?"

"ಅರ್ಥ ಸರಿಯಾಗೇ ಇದೆ. ಆದ್ರೆ ಕಂಪ್ಯೂಟರಿಗೆ ಅರ್ಥ ಬೇಕಿಲ್ಲ, ಅಕ್ಷರ ಸಾಕು. 'ಖಾದ್ಯಗಳು' ಅಂತಿದ್ರೆ 'ತಿನ್ನಬಹುದಾದಗಳು' ಮಾಡುತ್ತೆ. ನಿಮ್ಮ ಹಬ್ಬದ ಲೇಖನ ನೋಡಿ, ಹಾಗೇ ಆಗಿದೆ. ಈಗ ಹೇಳಿ, 'ಅಖಾದ್ಯ' ಇದ್ರೆ?"

ಸುಧೀಂದ್ರ ಬೆರಳಿನಿಂದ ಮೇಜಿನ ಮೇಲೆ ಅಕ್ಷರ ಕೂಡಿಸಿ ನೋಡಿದರು. ಆಮೇಲೆ ಮೆಲ್ಲಗೆ, "'ಅತಿನ್ನಬಹುದಾದ'," ಎಂದರು.

"ಹೂಂ. ಅಂಥ ಮಾತೇ ಇಲ್ಲ. ಕರಡು ತಿದ್ದೋರಿಗೆ ಅದು ಬೆರಳು ಜಾರಿ ಬಿದ್ದ 'ಅ' ಥರ ಕಾಣುತ್ತೆ. ಅದನ್ನ ಹೊಡೆದು ಹಾಕ್ತಾರೆ. ಉಳಿದದ್ದು ಒಳ್ಳೇ ಕನ್ನಡ, ಆದ್ರೆ ವಿಷ. ವಚನಾ ಕಂಡದ್ದನ್ನ ಟೈಪ್ ಮಾಡಿದಳು. ಸೇಡು ತೀರಿಸ್ಕೊಳ್ಳೋಳು ತನ್ನ ಹೆಸರು ಕಾಣೋ ಜಾಗದಲ್ಲೇ ತೀರಿಸ್ಕೊಳ್ತಾಳಾ?"

"ಆ 'ಅ' ಹೊಡೆದೋರು ಯಾರು?" ಸಿದ್ದಬಸಪ್ಪ ಕೇಳಿದರು.

ಕಲ್ಯಾಣಮ್ಮ ಹಾಳೆಯನ್ನು ತಿರುವಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ತೆಳು ಕಾಗದದ ಹಿಂಬದಿಗೆ ಶಾಯಿ ಇಳಿದಿತ್ತು. ಹಸಿರು.

ಅವರಿಗೆ ಮೆಟ್ಟಿಲು ಹತ್ತುವಾಗಲೇ ಗೊತ್ತಿತ್ತು. ನಾನಾಗಿ ಹೇಳಲಿ ಎಂದು ನನಗೆ ಅಷ್ಟು ಹೊತ್ತು ಬಿಟ್ಟುಕೊಟ್ಟಿದ್ದರು. ಅವರು ಬಿಡಿಸಿದ ಯಾವ ಒಗಟಿಗಿಂತಲೂ ಅದು ನನಗೆ ದೊಡ್ಡದಾಗಿ ಕಂಡಿತು.

"ನಾನು," ಎಂದೆ ಎದ್ದು ನಿಂತು. "ಹಳೇ ಲೇಖನ ತೆಗೆದು ನೋಡಬೇಕಾಗಿತ್ತು. ನೋಡಲಿಲ್ಲ."

ಸಿದ್ದಬಸಪ್ಪ ನನ್ನ ಕಡೆ ತಿರುಗಿದರು. "ನಮ್ಮನೆಯವಳು ಬೇರೆ ಕಡೇನೂ ಓದಿದ್ಲು, ತಾಯಿ. ಅರ್ಥ ಆಗ್ಲಿಲ್ಲ. ನಿಮ್ಮದು ಅರ್ಥ ಆಯ್ತು. ಅದಕ್ಕೇ ನಂಬಿದ್ಲು." ಆಗ ಮಾತ್ರ ಅವರು ಕುರ್ಚಿಯಲ್ಲಿ ಕೂತರು.

ಸುಧೀಂದ್ರ ಕನ್ನಡಕ ತೆಗೆದು ಒರೆಸಿದರು. "ಸರಿಯಾದ ಪದ ಯಾವುದು ಹಾಕೋಣ, ಕಲ್ಯಾಣಮ್ಮ? 'ತಿನ್ನಲಾಗದ'? 'ತಿನ್ನಲು ಯೋಗ್ಯವಲ್ಲದ'?"

"ಇವರನ್ನ ಕೇಳಿ ಸಾರ್, ಓದೋರು ಇವರು."

"'ತಿನ್ನಬೇಡಿ, ವಿಷ' ಅಂತ ಮೊದಲನೇ ಸಾಲಲ್ಲೇ ಹಾಕಿ," ಎಂದರು ಸಿದ್ದಬಸಪ್ಪ. "ಅದಕ್ಕೆಷ್ಟು ಮೀನ ಮೇಷ?"

ವಚನಾ ಅಲ್ಲೇ ಟೈಪ್ ಮಾಡಿದಳು. ತಿದ್ದಿದ್ದಕ್ಕೆ ಕಾರಣ ಬರೆಯುವ ಜಾಗ ಬಂದಾಗ ಅವಳ ಬೆರಳು ನಿಂತಿತು.

"ಇಲ್ಲಿ ಏನಂತ ಹಾಕ್ಲಿ?"

"ಸೀತಾ ಮಾಡಿದ್ದ ತಪ್ಪು ಸರಿಪಡಿಸಿದೆ ಅಂತ ಬರಿ," ಎಂದೆ.

"ತಡಿ," ಎಂದರು ಸುಧೀಂದ್ರ. "ನನ್ನ ಹೆಸರು ಮೊದಲು ಬರೀಮ್ಮ. ಕಾಗುಣಿತ ನೋಡ್ಕೊಂಡು."

ವಚನಾ ಬೆಳಗಿನಿಂದ ಮೊದಲ ಸಲ ನಕ್ಕಳು. "'ಧೀ'ಗೆ ದೀರ್ಘ ಅಲ್ವಾ, ಸಾರ್?" ಎಂದು ಕೇಳಿ ಬರೆದಳು.