ಪರವಾಗಿಲ್ಲ ಅಂದರೆ ಇಂಗ್ಲಿಷಿನಲ್ಲಿ ಏನು?

"ಹ್ಯಾವ್ ಯು ಸೀನ್ ಇಟ್?" ಎಂದು ಕೇಳಿದಳು ಪೂಂಗೊಡಿ. ಅವಳು ಕೇಳಿದ ರೀತಿಗೆ ಎದುರು ಬೆಂಚಿನ ಧನಪಾಲ ಪೆನ್ನು ಕೆಳಗಿಟ್ಟ.

ಹರೂರು ಬಸ್ ಸ್ಟ್ಯಾಂಡಿನೆದುರು, ಬೇಕರಿಯ ಮಹಡಿಯ ಮೇಲೆ ಸ್ಪೋಕನ್ ಇಂಗ್ಲಿಷ್ ಕ್ಲಾಸು. ನೋಡಿದ ಸಿನಿಮಾ ಹೇಗಿದೆ ಎನ್ನುವುದು, ಇನ್ನೊಬ್ಬರಿಗೆ ಶಿಫಾರಸು ಮಾಡುವುದು ಅವತ್ತಿನ ಪಾಠ. ಶಶಿಕಲಾ ಮೇಡಂ ಬೋರ್ಡಿನ ಮೇಲೆ ಗ್ರಿಪ್ಪಿಂಗ್, ಓವರ್‌ರೇಟೆಡ್, ವರ್ತ್ ವಾಚಿಂಗ್ ಎಂದೆಲ್ಲ ಬರೆದು, ಜೋಡಿಯಾಗಿ ಮಾತಾಡಿ ಎಂದು ಬಿಟ್ಟಿದ್ದರು. ಏರ್ಕಾಡಿನ ಹೋಟೆಲಿನಲ್ಲಿ ರಿಸೆಪ್ಷನ್ ಕೆಲಸ ಹಿಡಿಯುವ ಆಸೆ ಪೂಂಗೊಡಿಗೆ. ಮೊಬೈಲ್ ಅಂಗಡಿಯ ಧನಪಾಲನಿಗೆ ಇಂಗ್ಲಿಷ್ ಯಾಕೆ ಬೇಕಿತ್ತೋ ದೇವರಿಗೇ ಗೊತ್ತು. ಅವಳು ಸೇರಿದ ವಾರವೇ ತಾನೂ ಬಂದು ಸೇರಿದ್ದ.

"ಯಾವ ಪಡ?" ಎಂದ. ಅಲ್ಲಿ ಸಿನಿಮಾಗೆ ಎಲ್ಲರೂ ಪಡವೆಂದೇ ಅನ್ನುವುದು.

"ಓಮಲೂರು ಪ್ರಭು."

ಧನಪಾಲ ತಲೆ ತಗ್ಗಿಸಿದ. ಪ್ರಭು ಪೂಂಗೊಡಿಗೆ ಬಂದಿದ್ದ ವರ, ಧನಪಾಲನ ಜೊತೆ ಐಟಿಐ ಓದಿದವನು. ಮೊನ್ನೆ ಅವಳಪ್ಪ ಕುಪ್ಪಸ್ವಾಮಿ ಅಂಗಡಿಗೇ ಹೋಗಿ, ಹುಡುಗ ಹೇಗೆ ಎಂದು ವಿಚಾರಿಸಿದ್ದ. ಈ ಮಹಾಶಯ "ಪರವಾಗಿಲ್ಲ" ಅಂದು ಸುಮ್ಮನಾಗಿದ್ದ. ಅಪ್ಪನಿಗೆ ಅಷ್ಟು ಸಾಕಾಯಿತು. ನಾಳೆ ಓಮಲೂರಿಗೆ ಹೋಗಿ ಮಾತು ಕೊಟ್ಟು ಬರುವವನಿದ್ದ.

"ಮೇಡಂ, ಪರವಾಗಿಲ್ಲ ಅಂದ್ರೆ ಇಂಗ್ಲಿಷಲ್ಲಿ ಏನು?" ಧನಪಾಲನನ್ನೇ ದಿಟ್ಟಿಸುತ್ತ ಗಟ್ಟಿಯಾಗಿ ಕೇಳಿದಳು.

"ಸಿನಿಮಾಗಾದ್ರೆ ನಾಟ್ ಬ್ಯಾಡ್," ಎಂದರು ಮೇಡಂ. "ಯಾರಾದ್ರೂ ಕಾಲು ತುಳಿದು ಸಾರಿ ಅಂದ್ರೆ, ಇಟ್ಸ್ ಓಕೆ. ನೋವಾಗಿದ್ರೂ ಅಂತೀವಲ್ಲ, ಅದು."

ಮೇಡಂ ಇನ್ನೊಂದು ಬೆಂಚಿಗೆ ಹೋದರು. ಪೂಂಗೊಡಿ ಮುಂದಕ್ಕೆ ಬಾಗಿದಳು. "ನೀವು ನಮ್ಮಪ್ಪಂಗೆ ಏಳಿದ್ದು ಯಾವ್ದು?"

ಅವನು ಬೆಂಚಿನ ಅಂಚನ್ನು ಉಗುರಿನಿಂದ ಕೆರೆದ. "ಎರಡ್ನೇದು."

"ನಮ್ಮಪ್ಪಂಗೆ ಮೊದಲ್ನೇದು ಕೇಳಿಸ್ತು."

"ಬ್ಯಾಡ ಅಂದಿದ್ರೆ ಒಟ್ಟೆಕಿಚ್ಚಿಗೆ ಅಂದಂಗಾಗ್ತಿತ್ತು."

"ನಿಮಗ್ಯಾಕೆ ಒಟ್ಟೆಕಿಚ್ಚು?"

ಅವನು ಕಣ್ಣೆತ್ತಿದ. ಕ್ಲಾಸಿನಲ್ಲಿ ಕದ್ದು ನೋಡಿ ತಕ್ಷಣ ತಪ್ಪಿಸಿಕೊಳ್ಳುತ್ತಿದ್ದ ಕಣ್ಣುಗಳು ಈ ಸಲ ಕದಲಲಿಲ್ಲ. "ನಿಂಗೊತ್ತು," ಎಂದ.

"ಗೊತ್ತು. ಇವತ್ತು ಬಾಯಿ ಬಿಡ್ತೀಯ, ನಾಳೆ ಬಿಡ್ತೀಯ ಅಂತ ಕಾದೆ. ನೀನು ಓಗಿ ಅವ್ನಿಗೆ ರೆಕಮೆಂಡ್ ಮಾಡ್ದೆ." ಸಿಟ್ಟಿಗೆ ತಾನು 'ನೀನು' ಅಂದದ್ದು ಅವಳಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು, ಕಿವಿ ಕೆಂಪಾಯಿತು.

ಅವನನ್ನು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋಗಿ ಅಪ್ಪನಿಗೆ ಫೋನ್ ಹಚ್ಚಿದಳು. ಫೋನನ್ನು ಅವನ ಕೈಗಿಟ್ಟಳು. "ಇವಾಗ ನಮ್ಮಪ್ಪಂಗೆ ಏಳು. ಸುತ್ತಿ ಬಳಸ್ಬ್ಯಾಡ."

"ಮಾಮಾ," ಎಂದ ಧನಪಾಲ. ಇಷ್ಟು ದಿನ ಕುಪ್ಪಸ್ವಾಮಿಯನ್ನು 'ಅಣ್ಣಾ' ಎನ್ನುತ್ತಿದ್ದವನು. "ಪ್ರಭು ಒಳ್ಳೇವ್ನೇ. ಅವ್ನ ಮೇಲೆ ತಪ್ಪೇನೂ ಇಲ್ಲ. ಆದ್ರೆ ಪೂಂಗೊಡಿನ ನಾನು ಕಟ್ಕೋಬೇಕು ಅಂತಿವ್ನಿ."

ಕುರಿ ಮೇಯಿಸುತ್ತಿದ್ದ ಕುಪ್ಪಸ್ವಾಮಿ ಆ ಕಡೆಯಿಂದ ಕೇಳಿದ.

"ಅವ್ಳು ಅಲ್ಲೇ ಅವ್ಳಾ? ಫೋನ್ ಕೊಡು."

ಹುಡುಗ ಹೇಗೆ ಎಂದು ಅಪ್ಪ ಊರೆಲ್ಲ ಕೇಳಿದ್ದ, ಅವಳನ್ನು ಕೇಳಿರಲಿಲ್ಲ. ಈಗ ಕೇಳಿದ. "ನೀ ಏನಮ್ಮಾ ಏಳ್ತೀ?"

ಕಲಿತ ಒಂದು ಮಾತೂ ನಾಲಿಗೆಗೆ ಬರಲಿಲ್ಲ. "ನಂಗೆ ಇವ್ನೇ ಬೇಕಪ್ಪಾ," ಎಂದಳು. ಅಳು ಬಂತು.

"ಓಮಲೂರಿನವ್ರಿಗೆ ಯಾವ ಮೊಕ ತೋರಿಸ್ಲಿ ನಾನು?" ಅಪ್ಪ ಬೈದನೋ ನೊಂದನೋ ಅವಳಿಗೆ ತಿಳಿಯಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತಳು.

"ಮನೆಗೆ ಬಾ," ಎಂದ ಕುಪ್ಪಸ್ವಾಮಿ ಕೊನೆಗೆ. "ಒಬ್ಳೇ ಬರ್ಬ್ಯಾಡ."