ಪೈಪಿನ ಗೋಡೆಗೆ ಕೊಟ್ಟ ಅಳತೆ

"ಆ ಕಮೋಡಿನ ಸುತ್ತ ಗೋಡೆ ಎಬ್ಬಿಸಬೇಡ ಮಗಾ," ಎಂದು ಸ್ಟೊಯ್ನಾ ಅಜ್ಜಿ ಬೇಲಿಯ ಆಚೆಯಿಂದಲೇ ಹೇಳಿದಳು. "ಎಬ್ಬಿಸಲೇಬೇಕು ಅಂದ್ರೆ ಯಾರ ನೆರಳೂ ಅದರ ಹಿಂದಿನ ಪೈಪಿನ ಮೇಲೆ ಬೀಳದ ಹಾಗೆ ನೋಡ್ಕೋ. ನೆರಳನ್ನ ಅಳೆಯೋದಂತೂ ಬೇಡವೇ ಬೇಡ."

ಟ್ರಕ್ಕಿನಿಂದ ಮರದ ರೀಪುಗಳನ್ನು ಇಳಿಸುತ್ತಿದ್ದ ಲ್ಯೂಬೆನ್ ನಕ್ಕುಬಿಟ್ಟ. "ನಾನು ಅಳೆಯೋದು ಮರಾನ, ಅಜ್ಜಿ. ನೆರಳಿಗೆ ಮೊಳೆ ಹೊಡೆದ್ರೆ ನಿಲ್ಲುತ್ತಾ?"

"ನಿಲ್ಲುತ್ತೆ," ಅಂದವಳು ತಲೆಯ ಬಟ್ಟೆ ಬಿಗಿದುಕೊಂಡು ಒಳಗೆ ಹೋದಳು.

ಪಿಟ್ಸ್‌ಬರ್ಗಿನ ಕೆಳಗಿನ ಆ ನದೀತೀರದ ಊರಿನಲ್ಲಿ, ಬಲ್ಗೇರಿಯಾದವರ ಬೀದಿಯ ಪ್ರತಿ ನೆಲಮಾಳಿಗೆಯಲ್ಲೂ ಒಂದು ಕಮೋಡು ಬಟಾಬಯಲಲ್ಲಿ ಕೂತಿರುತ್ತಿತ್ತು. ಉಕ್ಕಿನ ಕಾರ್ಖಾನೆಯಿಂದ ಮಸಿ ಮೆತ್ತಿಕೊಂಡು ಬಂದ ಗಂಡಸರು ಅಲ್ಲೇ ಮೈ ತೊಳೆದು ಮೇಲೆ ಹತ್ತುತ್ತಿದ್ದರು. ಗೋಡೆ ಯಾರಿಗೆ ಬೇಕಿತ್ತು? ಕಾರ್ಖಾನೆ ಮುಚ್ಚಿದ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಗೋಡೆ ಹಾಕಿಸಿಕೊಂಡರು. ಲ್ಯೂಬೆನ್ ಕೊಂಡ ಮನೆಯಲ್ಲಿ ಮಾತ್ರ ಯಾರೂ ಆ ಗೋಜಿಗೆ ಹೋಗಿರಲಿಲ್ಲ. ಅದು ಸ್ಟೊಯ್ನಾ ಅಜ್ಜಿಯ ತವರುಮನೆ. ಅವಳಪ್ಪ ಗಾರೆ ಕೆಲಸದವನು.

ಲ್ಯೂಬೆನ್ ಒಹಾಯೋದಿಂದ ಬಂದು ಎರಡೇ ತಿಂಗಳು. ಅವನ ಮನೆಯವರೂ ಅದೇ ದೇಶದ ಮೂಲದವರೇ, ನೆರಳಿನ ಅಳತೆಯನ್ನು ಗೋಡೆಯೊಳಗಿಟ್ಟು ಮನೆ ನಿಲ್ಲಿಸುವ ಇಂಥ ಕತೆ ಕೇಳಿಯೇ ಬೆಳೆದವನು, ಆದರೆ ಒಂದನ್ನೂ ನಂಬಿದವನಲ್ಲ. ಹೆಂಡತಿ ನೆವೆನಾಗೆ ಏಳು ತಿಂಗಳು ತುಂಬಿತ್ತು. ಬಾಣಂತನಕ್ಕೆ ಬರುವ ಅತ್ತೆ ಕೆಳಗಿನ ಕೋಣೆಯಲ್ಲಿ ಇರಬೇಕು, ಅಲ್ಲೊಂದು ಬಾತ್‌ರೂಮು ಬೇಕೇ ಬೇಕು.

ಹಳೆಯ ಪೈಪು ಜರುಗುವುದಿಲ್ಲ, ಗೋಡೆಯೇ ಅದಕ್ಕೆ ಹೊಂದಿಕೊಳ್ಳಬೇಕು. ಎರಕದ ಕಬ್ಬಿಣದ ಆ ದಪ್ಪ ಪೈಪು ಮಾಮೂಲಿ ಚೌಕಟ್ಟಿನೊಳಗೆ ಹಿಡಿಯದ್ದರಿಂದ ಲ್ಯೂಬೆನ್ ಎರಡು ಸಾಲು ರೀಪು ನಿಲ್ಲಿಸಿ ಅದನ್ನು ನಡುವೆ ಹುದುಗಿಸಿದ. ಪೈಪಿನ ಹಿಂದೆ ಕೈ ಹಾಕಿದಾಗ ಒಂದು ಸೆಣಬಿನ ಹುರಿ ಸಿಕ್ಕಿತು. ಜಿಡ್ಡುಗಟ್ಟಿತ್ತು. ಹಸಿ ಸುಣ್ಣದ ವಾಸನೆ ಹೊಡೆಯುತ್ತಿತ್ತು.

ಷವರಿನ ಎತ್ತರ ನೋಡಲು ನೆವೆನಾಳನ್ನು ಕರೆದ. ಅವಳು ದೀಪದ ಮುಂದೆ ಬಂದು ನಿಂತಾಗ ನೆರಳು ನೇರ ಪೈಪಿನ ಮೇಲೆ ಬಿತ್ತು. ಅವನಿಗೆ ಅಜ್ಜಿಯ ಮಾತು ನೆನಪಾಗಿ ತುಂಟತನ ಹುಟ್ಟಿತು. ಆ ಹುರಿಯಿಂದಲೇ ನೆರಳನ್ನು ತಲೆಯಿಂದ ಕಾಲಿನವರೆಗೆ ಅಳೆದ.

"ತಗೋ, ನಿನ್ನ ಅಳತೆ ತಗೊಂಡೆ. ಇನ್ನು ನನ್ನ ಬಿಟ್ಟು ಓಡೋಕಾಗಲ್ಲ ಕಣೇ."

"ಈ ಹೊಟ್ಟೆ ಹೊತ್ಕೊಂಡು ಎಲ್ಲಿಗೆ ಓಡ್ಲಿ ಮಾರಾಯ?"

ನಗುತ್ತಲೇ ಹುರಿಯನ್ನು ರೀಪಿಗೆ ಮೊಳೆ ಹೊಡೆದು ಸಿಕ್ಕಿಸಿದ, ಮೇಲೆ ಹಲಗೆ ಮುಚ್ಚಿದ. ಯಾರೂ ನಲ್ಲಿ ತಿರುಗಿಸಿರಲಿಲ್ಲ. ಆದರೂ ಪೈಪಿನೊಳಗೆ ಗಳಗಳ ನೀರು ಇಳಿಯಿತು.

ಮರುದಿನ ನೆವೆನಾಗೆ ಚಮಚ ಎತ್ತಲಾಗಲಿಲ್ಲ. ಡಾಕ್ಟರು ಎಲ್ಲ ಸರಿಯಿದೆ ಎಂದು ಕಳಿಸಿದರು. ಮೂರನೆಯ ದಿನ ಮಧ್ಯಾಹ್ನ ಅವಳು ಹೊಟ್ಟೆಯ ಮೇಲೆ ಕೈಯಿಟ್ಟು, "ಬೆಳಗ್ಗೆಯಿಂದ ಕೂಸು ಅಲ್ಲಾಡಿಲ್ಲ," ಎಂದಳು. ಆಸ್ಪತ್ರೆಗೆ ಹೊರಡೋಣವೆಂದು ಕಾರಿನ ಕೀಲಿ ತರಲು ಲ್ಯೂಬೆನ್ ಕೆಳಗಿಳಿದ. ಹಲಗೆಯ ಹಿಂದೆ ಏನೋ ಬಡಿಯುತ್ತಿತ್ತು. ಕಿವಿಯಿಟ್ಟ. ಎರಡು ಬಡಿತ. ಒಂದು ನಿಧಾನ. ಇನ್ನೊಂದು ಪುಟ್ಟದು, ಚುರುಕು. ಆ ಪುಟ್ಟ ಬಡಿತವನ್ನು ಹದಿನೈದು ದಿನದ ಹಿಂದೆ ಡಾಕ್ಟರ ಯಂತ್ರದಲ್ಲಿ ಕೇಳಿದ್ದ. ಕೀಲಿ ಅಲ್ಲೇ ಬಿಟ್ಟು ಪಕ್ಕದ ಮನೆಗೆ ಓಡಿದ.

ಅವನ ಮುಖ ನೋಡಿದ್ದೇ ಸ್ಟೊಯ್ನಾ ಅಜ್ಜಿ ಹಣೆ ಚಚ್ಚಿಕೊಂಡಳು. "ಅಳೆದುಬಿಟ್ಯಾ?"

"ತಮಾಷೆಗೆ ಅಜ್ಜಿ..."

"ಮನೆ ಕುಸೀಬಾರದು ಅಂತ ನಮ್ಮಪ್ಪ ಆ ಪೈಪಿನ ಸುತ್ತ ಗೋಡೆ ಕಟ್ಟಿ ನಮ್ಮಮ್ಮನ ಅಳತೇನ ಅದರೊಳಗೇ ಇಟ್ಟ. ನಲವತ್ತು ದಿನಕ್ಕೆ ಅಮ್ಮ ಹೋದ್ಲು. ಆಮೇಲೆ ಗೋಡೆ ಕೆಡವಿದ, ಏನು ಬಂತು? ಒಬ್ಬರಾದ್ರೆ ನಲವತ್ತು ದಿನ ಕೊಡುತ್ತೆ. ಒಂದೇ ಅಳತೇಲಿ ಎರಡು ಜೀವ ಸಿಕ್ಕಿದ್ರೆ ನಾಲ್ಕು ದಿನಾನೂ ಕಾಯಲ್ಲ."

"ಈಗಲೇ ಕಿತ್ತುಹಾಕ್ತೀನಿ!"

"ಸುಮ್ಮನೆ ಕಿತ್ತರೆ ಅವಳ ಉಸಿರೂ ಜೊತೆಗೇ ಬರುತ್ತೆ. ಮೊದಲು ಇನ್ನೊಂದು ಅಳತೆ ಇಡಬೇಕು. ತನ್ನ ನೆರಳನ್ನ ತಾನೇ ಅಳೆಯೋ ಹಾಗಿಲ್ಲ, ಬೇರೆಯವರು ಹುರಿ ಹಿಡೀಬೇಕು."

"ನೀನು ಬಾ ಅಜ್ಜಿ, ನನ್ನದನ್ನ ಅಳಿ. ಕಾಲಿಗೆ ಬೀಳ್ತೀನಿ."

ಅಜ್ಜಿ ಎರಡೂ ಕೈಗಳನ್ನು ಏಪ್ರನ್ನಿನಡಿ ಅಡಗಿಸಿದಳು. "ಅಮ್ಮನಿಗೆ ಹುರಿ ಹಿಡಿದವಳು ನಾನೇ ಕಣೋ. ಒಂಬತ್ತು ವರ್ಷ ನಂಗೆ. ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ."

ಲ್ಯೂಬೆನ್ ಓಡಿದ. ಹಲಗೆ ಕಿತ್ತ. ಸುಣ್ಣದ ವಾಸನೆ ಮುಖಕ್ಕೆ ರಾಚಿತು. ಹುರಿ ಬೆಚ್ಚಗಿತ್ತು. ಒದ್ದೆಯಾಗಿತ್ತು. ಬೆರಳ ನಡುವೆ ಮಿಡಿಯುತ್ತಿತ್ತು. ಮನಸ್ಸು ಕೇಳಲಿಲ್ಲ, ಎಳೆದ. ಒಂದೇ ಗೇಣು. ಮೇಲೆ ನೆವೆನಾ ಚೀರಿದಳು. ಏನೋ ದೊಪ್ಪನೆ ಬಿತ್ತು. ಕೈ ಬಿಟ್ಟ.

ಮೆಟ್ಟಿಲ ಮೇಲೆ ಕಾಲಸಪ್ಪಳ. ಕಟಾಂಜನ ಹಿಡಿದು, ಬೂದಿಬಣ್ಣಕ್ಕೆ ತಿರುಗಿದ ಮುಖದ ನೆವೆನಾ ಇಳಿದು ಬಂದಳು. "ಏನ್ ಮಾಡ್ತಿದ್ದೀಯ? ಯಾರೋ ಎದೆ ಹಿಡಿದು ಎಳೆದ ಹಾಗಾಯ್ತು."

ನಿಜ ಹೇಳಿದರೆ ಅವಳು ಹುರಿ ಹಿಡಿಯುವುದಿಲ್ಲ. ಸತ್ತರೂ ಹಿಡಿಯುವುದಿಲ್ಲ. ಲ್ಯೂಬೆನ್‌ಗೆ ಅದು ಗೊತ್ತಿತ್ತು.

"ಷವರು ನನಗೆ ತಗ್ಗಾಯ್ತು ಕಣೇ," ಎಂದ. ಅವಳ ನೆರಳು ಬೀಳದಂತೆ ದೀಪವನ್ನು ತನ್ನ ಬೆನ್ನ ಹಿಂದಿಟ್ಟ. ಹೊಸ ದಾರ ಅವಳ ಕೈಗೆ ಕೊಟ್ಟ. "ನೆರಳಿನ ತಲೆ ಹತ್ರ ಒಂದು ತುದಿ, ಕಾಲ ಹತ್ರ ಇನ್ನೊಂದು. ಅಷ್ಟೇ. ಆಮೇಲೆ ಆಸ್ಪತ್ರೆ."

"ಈಗ್ಲೇ ಆಗ್ಬೇಕಾ ಇದು?"

"ಈಗ್ಲೇ."

ಅವಳು ಅಳೆದಳು. ದಾರ ಕತ್ತರಿಸಿ ಕೊಟ್ಟಳು. ಅವನು ಒಳಗಿಟ್ಟ. ಮೊಳೆ. ಒಂದೇಟು. ಎರಡೇಟು. ಹಳೆಯ ಹುರಿ ತಾನಾಗಿ ಕಳಚಿ, ಒಣಗಿ, ಕೈಯಲ್ಲೇ ಪುಡಿಯಾಯಿತು.

ನೆವೆನಾ ದೀರ್ಘವಾಗಿ ಉಸಿರೆಳೆದಳು. ಕೆನ್ನೆಗೆ ರಕ್ತ ಬಂತು. "ಅಯ್ಯೋ, ಒದೀತು! ಜೋರಾಗಿ ಒದೀತು ನೋಡು!" ಎಂದು ಅವನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಅವನು ಅತ್ತುಬಿಟ್ಟ. ದೀಪ ಇನ್ನೂ ಬೆನ್ನ ಹಿಂದೆಯೇ ಉರಿಯುತ್ತಿತ್ತು. ಎದುರಿನ ಗೋಡೆಯ ಮೇಲೆ ಅವಳೊಬ್ಬಳದೇ ನೆರಳಿತ್ತು, ಅವನದಿರಲಿಲ್ಲ.

"ಅಳೋದ್ಯಾಕೋ ಹುಚ್ಚ? ಇದು ಮುಗಿದ ಮೇಲೆ ತೊಟ್ಟಿಲೂ ನೀನೇ ಮಾಡ್ಬೇಕು, ಅಂಗಡೀದು ಬೇಡ. ಇನ್ನೂ ಎರಡು ತಿಂಗಳಿದೆ, ನಿಧಾನಕ್ಕೆ ಮಾಡು."

"ಇಲ್ಲ," ಎಂದ ಲ್ಯೂಬೆನ್. "ನಾಳೇನೇ ಶುರು ಮಾಡ್ತೀನಿ."